ವಾದ್ಯಕ್ಕೊಂದು ಪೀಠ

"ಕುಣಿಯಲಾರದವಳು ನೆಲ ಡೊಂಕು ಎಂದಳಂತೆ" ಎಂಬ ಗಾದೆಯನ್ನು ನಮ್ಮ ಹಿರಿಯರು ನೆಪ ಹೇಳುವವರಿಗಾಗಿ ಮಾಡಿದರು. ಗಾದೆಯೇನೋ ನಿಜವೇ. ಆದರೆ ಒಮ್ಮೊಮ್ಮೆ ನೆಲವೇ ಡೊಂಕಾಗಿರುವುದೂ ಉಂಟು. ಮಗುವಿಗೆಂದು ಮನೆಗೆ ಕೀಬೋರ್ಡು ಬರುತ್ತದೆ. ಮೊದಲ ತಿಂಗಳು ಬೆಳಗೂ ಬೈಗೂ ಅಭ್ಯಾಸ. ಎರಡನೆಯ ತಿಂಗಳು "ಭುಜ ನೋಯುತ್ತೆ ಅಮ್ಮಾ" ಎಂಬ ಮಾತು. ಮೂರನೆಯ ತಿಂಗಳಿಗೆ ವಾದ್ಯ ಕಪಾಟಿನ ನೆತ್ತಿಯನ್ನೇರಿ ಕುಳಿತಿರುತ್ತದೆ. ಮಗುವಿಗೆ ಸಂಗೀತದಲ್ಲಿ ಆಸಕ್ತಿಯಿಲ್ಲವೆಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. ಆ ತೀರ್ಪಿಗೆ ಮುಂಚೆ, ವಾದ್ಯವನ್ನು ಯಾವುದರ ಮೇಲೆ, ಎಷ್ಟು ಎತ್ತರದಲ್ಲಿ ಇಟ್ಟಿದ್ದೆವೆಂದು ಒಮ್ಮೆ ಅಳೆದು ನೋಡುವುದು ನ್ಯಾಯವಲ್ಲವೇ?

ಇಂದು ನಮ್ಮ ಮನೆಗಳಲ್ಲಿ ವಿದ್ಯುತ್ತಿನಿಂದ ನುಡಿಯುವ ವಾದ್ಯಗಳು ಬಗೆಬಗೆಯಾಗಿವೆ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯ ಸಂತತಿ ಇಂದು ಎಲ್ಲೆಡೆ ಹಬ್ಬಿದೆ. ಅದರ ಜೊತೆಗೆ ಕೀಬೋರ್ಡು, ತಾಳದ ಪೆಟ್ಟಿಗೆ, ಬೆರಳಿನಿಂದ ತಟ್ಟುವ ಪ್ಯಾಡು, ಅಂಗೈಯಗಲದ ಸಿಂಥಸೈಜರು ಇವೆಲ್ಲ ಮೇಜಿನ ಮೇಲೆ ಕೂಡುವ ವಾದ್ಯಗಳು. ಇವು ಬರಿಯ ಆಟಿಕೆಗಳಲ್ಲ. 1982ರಲ್ಲಿ ಮುಂಬಯಿಯ ಚರಣ್‌ಜಿತ್ ಸಿಂಗರು ಹತ್ತು ರಾಗಗಳನ್ನು ಧ್ವನಿಮುದ್ರಿಸಿದಾಗ ಬಳಸಿದ್ದು ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು; ಅವುಗಳಲ್ಲಿ ಎರಡು ಮೇಜಿನ ಮೇಲಿಡುವ ಪೆಟ್ಟಿಗೆಗಳೇ. ಇಂಥ ವಾದ್ಯ ಕೊಳ್ಳುವಾಗ ನಾವು ಹತ್ತು ಅಂಗಡಿ ಅಲೆಯುತ್ತೇವೆ; ಅದನ್ನಿಡುವ ಸ್ಟ್ಯಾಂಡಿನ ಯೋಚನೆ ಬರುವುದು ಕೊನೆಯಲ್ಲಿ, ಜೇಬು ಬರಿದಾದ ಮೇಲೆ.

ದೇಹಕ್ಕೆ ವಾದ್ಯ, ವಾದ್ಯಕ್ಕೆ ದೇಹವಲ್ಲ

ವಾದ್ಯ ತಯಾರಿಸುವವರು ಈ ತತ್ತ್ವವನ್ನು ಬಹಳ ಹಿಂದೆಯೇ ಬಲ್ಲರು. ಯುರೋಪಿನಿಂದ ಬಂದ ಹಾರ್ಮೋನಿಯಂ ಕುರ್ಚಿಯಲ್ಲಿ ಕುಳಿತು, ಕಾಲಿನಿಂದ ತಿದಿಯೊತ್ತಿ ನುಡಿಸುವ ವಾದ್ಯವಾಗಿತ್ತು. ನಮ್ಮವರು ಹಾಡಲು ಕೂಡುವುದು ನೆಲದ ಮೇಲೆ. ಅದಕ್ಕಾಗಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದರ ಕಾಲುಗಳನ್ನು ತೆಗೆದು, ಕೈತಿದಿಯ ಪೆಟ್ಟಿಗೆಯಾಗಿ ಮಾರ್ಪಡಿಸಿದರು. 1970ರಲ್ಲಿ ಅಮೆರಿಕದಲ್ಲಿ ಹೊರಬಂದ ಮಿನಿಮೂಗ್ ಎಂಬ ಸಿಂಥಸೈಜರಿನಲ್ಲಿ ಗುಂಡಿಗಳಿರುವ ಹಲಗೆಗೆ ಕೀಲುಗಳನ್ನು ಜೋಡಿಸಿದ್ದರು. ನುಡಿಸುವಾಗ ಹಲಗೆಯನ್ನೆತ್ತಿ ನಿಲ್ಲಿಸಿದರೆ ಗುಂಡಿಗಳು ವಾದಕನ ಮುಖಕ್ಕೆ ಎದುರಾಗುತ್ತಿದ್ದುವು. ಕೆಲಸ ಮುಗಿದ ಮೇಲೆ ಮಲಗಿಸಬಹುದಿತ್ತು. ನಮ್ಮ ಗಮಕಿಗಳ ವ್ಯಾಸಪೀಠವನ್ನೇ ನೋಡಿರಿ. ಗ್ರಂಥವನ್ನು ನೆಲದ ಮೇಲಿಟ್ಟು ಬಗ್ಗಿ ಓದಿದರೆ ಕೊರಳು ನೋಯುತ್ತದೆ, ದನಿಯೂ ಅಡಗುತ್ತದೆ. ಗ್ರಂಥವೇ ಕಣ್ಣಿನ ಕಡೆಗೆ ಏಳಲಿ ಎಂಬುದು ಆ ಮಡಚುವ ಹಲಗೆಯ ಹಿಂದಿರುವ ಬುದ್ಧಿ.

ಎತ್ತರದ ಲೆಕ್ಕ

ಊಟದ ಮೇಜು, ಬರೆಯುವ ಮೇಜು ಸಾಮಾನ್ಯವಾಗಿ ಸುಮಾರು 75 ಸೆಂಟಿಮೀಟರ್ ಎತ್ತರವಿರುತ್ತವೆ. ಅದರ ಮೇಲೆ ಕೀಬೋರ್ಡು ಇಟ್ಟರೆ ಅದರ ಮನೆಗಳು 82 ಸೆಂಟಿಮೀಟರಿಗೆ ಏರುತ್ತವೆ. ಸಾಧಾರಣ ಕುರ್ಚಿಯ ಮೇಲೆ ಕುಳಿತ ವಯಸ್ಕರ ಮೊಣಕೈ ನೆಲದಿಂದ 68–70 ಸೆಂಟಿಮೀಟರ್ ಎತ್ತರದಲ್ಲಿರುವುದುಂಟು. ಮಕ್ಕಳದು ಇನ್ನೂ ಕೆಳಗೆ. ಈ ಗೇಣುದ್ದದ ಅಂತರವನ್ನು ತುಂಬುವುದಕ್ಕಾಗಿ ಮಗು ಭುಜವನ್ನೆತ್ತಿ, ಮಣಿಕಟ್ಟನ್ನು ಮುರಿದಂತೆ ಹಿಡಿದು ನುಡಿಸಬೇಕಾಗುತ್ತದೆ. ನೋವಿಗೆ ಬೇರೆ ಕಾರಣ ಹುಡುಕಬೇಕೇ?

ಲೆಕ್ಕ ಸುಲಭವಾಗಿದೆ. ನುಡಿಸುವವರು ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ತೋಳನ್ನು ಸಡಿಲಬಿಟ್ಟು, ಮುಂಗೈಯನ್ನು ನೆಲಕ್ಕೆ ಸಮನಾಗಿ ಚಾಚಲಿ. ನೆಲದಿಂದ ಮೊಣಕೈವರೆಗೆ ಟೇಪಿನಿಂದ ಅಳೆಯಿರಿ. ಅದರಲ್ಲಿ ವಾದ್ಯದ ದಪ್ಪವನ್ನು ಕಳೆಯಿರಿ. ಮೊಣಕೈ 69, ವಾದ್ಯ 7 ಎಂದಾದರೆ ಸ್ಟ್ಯಾಂಡಿನ ಎತ್ತರ 62 ಸೆಂಟಿಮೀಟರ್ ಇರಬೇಕು. ಮಗುವಿನ ಪಾದ ನೆಲ ಮುಟ್ಟದಿದ್ದರೆ ಕಾಲಡಿಗೊಂದು ಮಣೆ ಕೊಡಿರಿ. ಕೈಯಿರುವ ಕುರ್ಚಿ ಬೇಡ; ಅದು ಮೊಣಕೈಗೆ ಅಡ್ಡ ಬರುತ್ತದೆ. ಬೆಳೆಯುವ ಮಕ್ಕಳಿರುವ ಮನೆಯಲ್ಲಿ ಎತ್ತರ ಬದಲಿಸಬಹುದಾದ ಸ್ಟ್ಯಾಂಡಿಗೆ ನೂರಿನ್ನೂರು ಹೆಚ್ಚು ತೆತ್ತರೂ ನಷ್ಟವಿಲ್ಲ.

ಇಳಿಜಾರು ಯಾವುದಕ್ಕೆ?

ಮನೆಗಳನ್ನು ಒತ್ತಿ ನುಡಿಸುವ ಕೀಬೋರ್ಡು ಸಮತಟ್ಟಾಗಿರಬೇಕು. ಗುಂಡಿ ತಿರುಗಿಸಿ ಸ್ವರ ಹದಗೊಳಿಸುವ ಪೆಟ್ಟಿಗೆಗಳ ವಿಚಾರ ಬೇರೆ. ಅವನ್ನು ಮೇಜಿನ ಮೇಲೆ ಮಲಗಿಸಿದರೆ ಗುಂಡಿಯ ಪಕ್ಕದ ಸಣ್ಣಕ್ಷರ ಓದಲು ಪ್ರತಿ ಸಲವೂ ಕತ್ತು ಬಗ್ಗಿಸಬೇಕು. ಅವಕ್ಕೆ 15ರಿಂದ 20 ಡಿಗ್ರಿ ಇಳಿಜಾರು ಹಿತ. 30 ಸೆಂಟಿಮೀಟರ್ ಆಳದ ಹಲಗೆಯ ಹಿಂಬದಿಯನ್ನು ಮುಂಬದಿಗಿಂತ 8 ಸೆಂಟಿಮೀಟರ್ ಎತ್ತಿದರೆ ಸುಮಾರು 15 ಡಿಗ್ರಿ. 10 ಸೆಂಟಿಮೀಟರ್ ಎತ್ತಿದರೆ ಸುಮಾರು 20 ಡಿಗ್ರಿ. ತಟ್ಟುವ ಪ್ಯಾಡಿಗೆ ಇಷ್ಟು ಓರೆ ಬೇಡ. ಪೆಟ್ಟು ಬಿದ್ದಂತೆಲ್ಲ ಜಾರುತ್ತದೆ.

ಅಂಗಡಿಯಲ್ಲಿ ದೊರೆಯುವ ಬಗೆಗಳು

ಎಲ್ಲಕ್ಕಿಂತ ಅಗ್ಗವಾದದ್ದು ಎಕ್ಸ್ ಸ್ಟ್ಯಾಂಡು. ಸಾಮಾನ್ಯವಾದದ್ದು ಎರಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಮಡಚಿ ಬಾಗಿಲ ಹಿಂದೆ ಇಡಬಹುದು. ಸಂಘದ ರಾಜ್ಯೋತ್ಸವಕ್ಕೆ ಹೆಗಲ ಮೇಲೆ ಹೊತ್ತೊಯ್ಯಬಹುದು. ಆದರೆ ಅದಕ್ಕೊಂದು ಸ್ವಭಾವದೋಷವಿದೆ: ತಗ್ಗಿಸಿದಷ್ಟೂ ಕಾಲುಗಳು ಅಗಲವಾಗಿ ಹರಡಿ, ಕುಳಿತವರ ಮೊಣಕಾಲಿಗೆ ತಗಲುತ್ತವೆ. ನಿಂತು ನುಡಿಸುವವರಿಗೆ ಈ ತೊಂದರೆಯಿಲ್ಲ. ಕೊಳ್ಳುವುದಾದರೆ ಒಂಟಿ ಕಂಬಿಯದನ್ನು ಬಿಟ್ಟು ಜೋಡಿ ಕಂಬಿಯದನ್ನು ಆರಿಸಿರಿ, ಅಲುಗಾಟ ಕಡಿಮೆ.

ಝಡ್ ಆಕಾರದ ಸ್ಟ್ಯಾಂಡು ಮತ್ತು ನಾಲ್ಕು ಕಾಲಿನ ಮೇಜಿನಂಥ ಸ್ಟ್ಯಾಂಡು ಬೆಲೆಯಲ್ಲಿ ಮೇಲು. ಅವುಗಳಲ್ಲಿ ಮೊಣಕಾಲಿಗೆ ಎಡೆಯುಂಟು, ಭಾರ ತಡೆಯುವ ಶಕ್ತಿಯೂ ಹೆಚ್ಚು. 61 ಮನೆಯ ಸಾಧಾರಣ ಕೀಬೋರ್ಡು ನಾಲ್ಕೈದು ಕಿಲೋ ಇದ್ದರೆ, 88 ಮನೆಯ ಡಿಜಿಟಲ್ ಪಿಯಾನೋ ಹತ್ತು ಕಿಲೋ ದಾಟುತ್ತದೆ. ಯಮಾಹಾ ಪಿ-45ರ ತೂಕವೇ 11.5 ಕಿಲೋ. ಅದರ ಮೇಲೆ ಕೈಯ ಒತ್ತಡ ಬೇರೆ. ಆದ್ದರಿಂದ ಸ್ಟ್ಯಾಂಡಿನ ಮೇಲೆ ಬರೆದಿರುವ ಭಾರದ ಅರ್ಧಕ್ಕೆ ನಿಲ್ಲುವುದು ಕ್ಷೇಮ.

ಎರಡಂತಸ್ತಿನ ಸ್ಟ್ಯಾಂಡು ಕೊಂಡರೆ ಕೀಬೋರ್ಡು ಕೆಳಗಿರಲಿ, ಗುಂಡಿಗಳ ಪೆಟ್ಟಿಗೆ ಮೇಲಿರಲಿ. ಮೇಲಂತಸ್ತಿಗೆ ಕೈಚಾಚುವಾಗ ಬೆನ್ನು ಕುರ್ಚಿಯಿಂದ ಏಳುವಂತಿದ್ದರೆ ಅದು ದೂರವಾಯಿತೆಂದೇ ಅರ್ಥ. ಸಣ್ಣ ಪೆಟ್ಟಿಗೆ ಒಂದೇ ಇದ್ದವರಿಗೆ ಲ್ಯಾಪ್‌ಟಾಪಿನ ಓರೆ ಸ್ಟ್ಯಾಂಡೇ ಧಾರಾಳವಾಗಿ ಸಾಕು.

ಬಡಗಿಯ ಕೈಯ ಪೀಠ

ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ವರ್ಗವಾದರೆ ಸಾಮಾನು ಹೊರಬೇಕು. ಅಂಥವರಿಗೆ ಮೇಜಿನ ಮೇಲಿಡುವ ಪುಟ್ಟ ಓರೆಪೀಠ ಬಹು ಅನುಕೂಲ. 12 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ 60 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಆಳದ ಹಲಗೆ ಒಂದು; ಮುಂದೆ 2, ಹಿಂದೆ 10 ಸೆಂಟಿಮೀಟರ್ ಎತ್ತರದ ಪಕ್ಕದ ಹಲಗೆ ಎರಡು; ವಾದ್ಯ ಜಾರದಂತೆ ಮುಂದಿನ ಅಂಚಿಗೊಂದು ಪಟ್ಟಿ. ಹಲಗೆಯ ಮೇಲೆ ರಬ್ಬರ್ ಹಾಸು ಹಾಸಿರಿ. ತಂತಿಗಳು ಇಳಿಯಲು ಹಿಂಬದಿಯಲ್ಲಿ ಎರಡು ತೂತು ಕೊರೆಸಿರಿ. ಕೊರ್ಗ್ ಕಂಪನಿಯ ವೋಲ್ಕಾ ಪೆಟ್ಟಿಗೆ ಸುಮಾರು 19 ಸೆಂಟಿಮೀಟರ್ ಅಗಲ, 11.5 ಸೆಂಟಿಮೀಟರ್ ಆಳ. ತೂಕ ಅರ್ಧ ಕಿಲೋಗೂ ಕಡಿಮೆ. ಅಂಥ ಮೂರನ್ನು ಈ ಪೀಠದ ಒಂದು ಸಾಲಿನಲ್ಲಿ, ಆರನ್ನು ಎರಡು ಸಾಲಿನಲ್ಲಿ ಕೂಡಿಸಬಹುದು. ಪೀಠದ ಕೆಳಗಿನ ಖಾಲಿ ಜಾಗದಲ್ಲಿ ಪ್ಲಗ್ಗುಗಳ ಬೋರ್ಡು ಅಡಗುತ್ತದೆ.

ಒಂದೇ ಕೋಣೆಯ ಸಂಸಾರದವರು ಕುರ್ಚಿ, ಮೇಜುಗಳ ಚಿಂತೆಯನ್ನೇ ಬಿಡಬಹುದು. ಹಿಂದೆ ಶಾನುಭೋಗರೂ ಗುಮಾಸ್ತರೂ ಚಕ್ಕಳಮಕ್ಕಳ ಹಾಕಿ ಲೆಕ್ಕ ಬರೆಯುತ್ತಿದ್ದ ಇಳಿಜಾರು ಮುಚ್ಚಳದ ಡೆಸ್ಕನ್ನು ನೋಡಿದವರು ಇನ್ನೂ ಇದ್ದಾರೆ. ಮುಂಬಯಿಯ ಚೋರ್ ಬಜಾರಿನಂಥ ಹಳೆಯ ಸಾಮಾನಿನ ಪೇಟೆಗಳಲ್ಲಿ ಅಂಥದೊಂದು ಕಣ್ಣಿಗೆ ಬಿದ್ದರೆ ಬಿಡಬೇಡಿರಿ. ಓರೆ ಮುಚ್ಚಳದ ಮೇಲೆ ವಾದ್ಯ, ಒಳಗೆ ತಂತಿಗಳು. ಅದು ಸಿಗದಿದ್ದರೆ ಮೇಲೆ ಹೇಳಿದ ಪೀಠವನ್ನೇ ಗಟ್ಟಿಯಾದೊಂದು ಮಣೆಯ ಮೇಲಿಟ್ಟರಾಯಿತು. ನೆಲದ ಮೇಲೆ ಕುಳಿತಾಗಲೂ ಮೊಣಕೈಯ ಲೆಕ್ಕವೇ ಲೆಕ್ಕ.

ಕೊಳ್ಳುವ ಮುನ್ನ

ಅಂಗಡಿಯಲ್ಲಿ ಸ್ಟ್ಯಾಂಡನ್ನು ಬಿಚ್ಚಿ ನಿಲ್ಲಿಸಿ, ಮೇಲ್ತುದಿಯನ್ನು ಅಂಗೈಯಿಂದ ಎಡಬಲಕ್ಕೆ ತಳ್ಳಿ ನೋಡಿರಿ. ಬರಿದಾಗಿದ್ದಾಗಲೇ ತೂಗಾಡುವುದು ಭಾರ ಹೊತ್ತಾಗ ಸುಮ್ಮನಿದ್ದೀತೇ? ಕಾಲುಗಳಿಗೆ ರಬ್ಬರ್ ಟೋಪಿ ಇದೆಯೇ, ಎತ್ತರದ ಬೀಗ ಸರಿಯಾಗಿ ಕೂಡುತ್ತದೆಯೇ ಎಂದು ಪರೀಕ್ಷಿಸಿರಿ. ಮನೆಗೆ ತಂದ ಮೇಲೆ ತಿಂಗಳಿಗೊಮ್ಮೆ ತಿರುಪುಗಳನ್ನು ಬಿಗಿಮಾಡಿರಿ. ಫ್ಲ್ಯಾಟಿನಲ್ಲಿರುವವರು ಸ್ಟ್ಯಾಂಡಿನಡಿಗೆ ದಪ್ಪ ಜಮಖಾನೆಯನ್ನು ಹಾಸಿದರೆ ಪ್ಯಾಡಿನ ಪೆಟ್ಟು ಕೆಳಮನೆಯವರ ನಿದ್ದೆಗೆ ಅಷ್ಟಾಗಿ ತಟ್ಟದು.

ಇನ್ನೊಂದು ಮಾತು. ಪ್ರತಿದಿನವೂ ಪೆಟ್ಟಿಗೆಯಿಂದ ತೆಗೆದು, ಜೋಡಿಸಿ, ಮತ್ತೆ ಕಟ್ಟಿಡಬೇಕಾದ ವಾದ್ಯಕ್ಕೆ ಅಭ್ಯಾಸ ತಪ್ಪುವುದು ಬೇಗ. ಮೂಲೆಯಲ್ಲಿ ಮೂರಡಿ ಜಾಗವಾದರೂ ಸರಿ, ಅದು ತನ್ನ ಪೀಠದ ಮೇಲೆ ಸದಾ ಸಿದ್ಧವಾಗಿ ಕುಳಿತಿರಲಿ. ಮೇಲೊಂದು ಬಟ್ಟೆ ಹೊದಿಸಿದರೆ ಧೂಳಿಗೂ ತಡೆಯಾಯಿತು. ಶಾಲೆಯಿಂದ ಬಂದ ಮಗು ಹತ್ತು ನಿಮಿಷ ಬಿಡುವಾದರೂ ಬಟ್ಟೆ ಸರಿಸಿ ಕೂಡುತ್ತದೆ. ಎತ್ತರ ಸರಿಪಡಿಸಿದ ಮೇಲೂ ನೋವು ಉಳಿದರೆ ಗುರುಗಳಿಗೆ ಕೈಯ ಇರುವನ್ನು ತೋರಿಸಿ, ಅಗತ್ಯವೆನಿಸಿದರೆ ವೈದ್ಯರನ್ನೂ ಕಾಣಬೇಕು. ಮೊದಲ ಕೆಲಸ ಮಾತ್ರ ಟೇಪಿನದು. ನೆಲವನ್ನು ನೆಟ್ಟಗೆ ಮಾಡಿಕೊಡುವುದು ದೊಡ್ಡವರ ಹೊಣೆ. ಕುಣಿಯುವ ಆಸೆ ಮಕ್ಕಳಲ್ಲಿ ಇದ್ದೇ ಇದೆ.