ಮಾಹಿತಿ ಸರಿಯಿದ್ದರಷ್ಟೇ ಸಾಲದು

ರೋಗದ ಲಕ್ಷಣವೇನು, ಮದ್ದಿನ ಪ್ರಮಾಣವೆಷ್ಟು, ಆಸ್ಪತ್ರೆಗೆ ಹೋಗಬೇಕಾದುದು ಯಾವಾಗ ಎಂಬ ಪ್ರಶ್ನೆಗಳಿಗೆ ಉತ್ತರವನ್ನರಸಿ ಇಂದು ಅನೇಕರು ಮೊದಲು ಜಾಲತಾಣವನ್ನೇ ತೆರೆಯುವುದರಿಂದ, ಅಲ್ಲಿಯ ಬರಹವು ವೈದ್ಯಶಾಸ್ತ್ರಕ್ಕೆ ಸಮ್ಮತವಾಗಿರುವುದರ ಜೊತೆಗೆ, ಬೇಕಾದವರಿಗೆ ಬೇಕಾದ ಹೊತ್ತಿನಲ್ಲಿ ದಕ್ಕುವಂತೆಯೂ ಇರತಕ್ಕದ್ದು. ಸುಗಮ್ಯತೆ ಎಂಬ ಈ ಗುಣದ ವಿಷಯದಲ್ಲಿ ಬೇರೂರಿರುವ ಕೆಲವು ಭ್ರಾಂತಿಗಳನ್ನು ಇಲ್ಲಿ ಪರಿಶೀಲಿಸಿದೆ.

ತಪ್ಪು ಕಲ್ಪನೆ: ಸುಗಮ್ಯತೆಯು ಕೆಲವೇ ಅಂಧರಿಗೆ ಸಂಬಂಧಿಸಿದ್ದು.

ಸತ್ಯ: 2011ರ ಜನಗಣತಿಯು ಭಾರತದಲ್ಲಿ 2.68 ಕೋಟಿ ಮಂದಿ ಅಂಗವೈಕಲ್ಯವುಳ್ಳವರನ್ನು ಎಣಿಸಿತು. ಚಾಳೀಸು ಬಂದವರು, ಕಣ್ಣಿಗೆ ಪೊರೆ ಕಟ್ಟಿದವರು, ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುವವರು ಈ ಲೆಕ್ಕದ ಆಚೆಗೂ ಬಹುಮಂದಿ ಇದ್ದಾರೆ. ಸಕ್ಕರೆ ಕಾಯಿಲೆಯು ಅಕ್ಷಿಪಟಲವನ್ನೇ ಘಾಸಿಗೊಳಿಸಬಲ್ಲದಾದ್ದರಿಂದ, ಆ ಕಾಯಿಲೆಯ ಪುಟವನ್ನು ಅರಸಿ ಬಂದವರೇ ಅಲ್ಲಿಯ ಮಸುಕಾದ ಅಕ್ಷರಗಳನ್ನು ಓದಲಾರದೆ ಹಿಂದಿರುಗುವ ಸಂಭವವುಂಟು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ನಡುವೆ ಕನಿಷ್ಠ 4.5:1ರ ಕಾಂಟ್ರಾಸ್ಟ್ ಇರಬೇಕೆಂದೂ, ಬರಹವನ್ನು ಇಮ್ಮಡಿ ಹಿಗ್ಗಿಸಿದರೂ ಏನೊಂದೂ ಮರೆಯಾಗಬಾರದೆಂದೂ ಜಾಲತಾಣಗಳ ಸುಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯು ವಿಧಿಸಿರುವುದು ಇಂಥವರೆಲ್ಲರ ಸಲುವಾಗಿ.

ತಪ್ಪು ಕಲ್ಪನೆ: ಕನ್ನಡದ ಕರಪತ್ರವನ್ನು ಸ್ಕ್ಯಾನ್ ಮಾಡಿ ಹಾಕಿದರೆ ಕನ್ನಡಿಗರಿಗೆಲ್ಲ ತಲುಪಿದಂತೆ.

ಸತ್ಯ: ಎನ್‌ವಿಡಿಎ, ಟಾಕ್‌ಬ್ಯಾಕ್ ಮುಂತಾದ ಸ್ಕ್ರೀನ್ ರೀಡರುಗಳು ಕನ್ನಡವನ್ನು ಗಟ್ಟಿಯಾಗಿ ಓದಬಲ್ಲವಾದರೂ, ಅವು ಓದುವುದು ಯೂನಿಕೋಡ್ ಪಠ್ಯವನ್ನು; ಸ್ಕ್ಯಾನ್ ಮಾಡಿದ ಪುಟವು ಬರಿಯ ಚಿತ್ರವಾಗಿ ನಿಂತರೆ, ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳ ಬರಹವು ಅರ್ಥಹೀನ ಸಂಕೇತಗಳ ಸರಣಿಯಾಗಿ ಕೇಳಿಸುತ್ತದೆ. ಮಕ್ಕಳ ಲಸಿಕೆಯ ವೇಳಾಪಟ್ಟಿಯನ್ನು ಪಠ್ಯರೂಪದಲ್ಲಿಯೇ ಕೊಟ್ಟಲ್ಲಿ, ಅದನ್ನು ಕೇಳಲೂ ಹಿಗ್ಗಿಸಲೂ ಹುಡುಕಲೂ ಸಾಧ್ಯ.

ತಪ್ಪು ಕಲ್ಪನೆ: ಸರಳ ಭಾಷೆಯಿಂದ ಶಾಸ್ತ್ರದ ಗಾಂಭೀರ್ಯ ಕುಗ್ಗುತ್ತದೆ.

ಸತ್ಯ: ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯು ತನ್ನ ಜಾಲತಾಣದ ಬರಹವು 9ರಿಂದ 11 ವರ್ಷದ ಮಕ್ಕಳ ಓದಿನ ಮಟ್ಟಕ್ಕೆ ನಿಲುಕಬೇಕೆಂಬ ಗುರಿಯನ್ನಿಟ್ಟುಕೊಂಡಿದೆ. ಪ್ರಬಂಧವನ್ನು ಓದುವವರಿಗೆ ವಿರಾಮವಿರುತ್ತದೆ. ಭೇದಿಯಿಂದ ಬಳಲುವ ಕೂಸನ್ನು ನಡುರಾತ್ರಿ ತೊಡೆಯ ಮೇಲಿಟ್ಟುಕೊಂಡ ತಾಯಿಗೆ ಅದಿಲ್ಲ. ‘ಮಗುವಿನ ಕಣ್ಣು ಗುಳಿಬಿದ್ದಿದ್ದರೆ, ಏನನ್ನೂ ಕುಡಿಯಲಾರದಿದ್ದರೆ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ’ ಎಂಬ ಮಾತು ರೋಗದ ಕಾರಣಮೀಮಾಂಸೆಗಿಂತ ಮೊದಲು, ಪುಟದ ತಲೆಯಲ್ಲಿಯೇ ಬರತಕ್ಕದ್ದು.

ತಪ್ಪು ಕಲ್ಪನೆ: ತಂತ್ರಾಂಶದ ತಪಾಸಣೆಯಲ್ಲಿ ತೇರ್ಗಡೆಯಾದರೆ ಕೆಲಸ ಮುಗಿಯಿತು.

ಸತ್ಯ: ಚಿತ್ರಕ್ಕೆ ವಿವರಣೆ ಇದೆಯೆಂಬುದನ್ನು ಯಂತ್ರವು ಗುರುತಿಸಬಲ್ಲದು, ಆ ವಿವರಣೆಯಿಂದ ಇನ್ಸುಲಿನ್ ಚುಚ್ಚಿಕೊಳ್ಳುವ ಕ್ರಮ ತಿಳಿಯುವುದೋ ಇಲ್ಲವೋ ಎಂಬುದನ್ನು ಹೇಳಬಲ್ಲವರು ಆ ವಿವರಣೆಯನ್ನೇ ನೆಚ್ಚಬೇಕಾದವರು ಮಾತ್ರ. ಆದುದರಿಂದ ದೃಷ್ಟಿಹೀನರನ್ನೂ ವೃದ್ಧರನ್ನೂ ಕರೆದು, ಬೇಕಾದ ಪುಟವನ್ನು ಅವರೇ ಹುಡುಕಿ ಬಳಸುವುದನ್ನು ಕಣ್ಣಾರೆ ನೋಡುವುದು ಅವಶ್ಯ.

ತಪ್ಪು ಕಲ್ಪನೆ: ಸುಗಮ್ಯತೆಯು ಔದಾರ್ಯದ ಮಾತು, ಕಡೆಯಲ್ಲಿ ಸೇರಿಸಿಕೊಳ್ಳಬಹುದು.

ಸತ್ಯ: 2021ರಲ್ಲಿ ಕೋವಿಡ್ ಲಸಿಕೆಗೆ ಕೋವಿನ್ ಜಾಲತಾಣವೇ ಹೆಬ್ಬಾಗಿಲಾಗಿದ್ದಾಗ, ದೃಷ್ಟಿಹೀನರಿಗೆ ಅಲ್ಲಿದ್ದ ಅಡಚಣೆಗಳನ್ನು ಸರ್ವೋಚ್ಚ ನ್ಯಾಯಾಲಯವು ಮೇ 31ರ ಆದೇಶದಲ್ಲಿ ಎತ್ತಿ ತೋರಿಸಬೇಕಾಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸುಗಮ್ಯತೆಯನ್ನು ಆಗಲೇ ವಿಧಿಸಿತ್ತು. ಅದೇ ನ್ಯಾಯಾಲಯದ 2025ರ ಏಪ್ರಿಲ್ 30ರ ತೀರ್ಪು ಡಿಜಿಟಲ್ ಪ್ರವೇಶವನ್ನು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದೇ ಸಾರಿತು. ಹೀಗಿರಲು ಓದಲಾರದವರನ್ನು ಮೊದಲ ಕರಡಿನಲ್ಲಿಯೇ ನೆನೆಯುವುದು, ಮದ್ದಿನ ಪ್ರಮಾಣವನ್ನು ತಪ್ಪಿಲ್ಲದೆ ಬರೆಯುವುದರಷ್ಟೇ ಮುಖ್ಯವಾದ ವೈದ್ಯಧರ್ಮ.