ಖಾಲಿ ಸರ್ವರಿನ ಮೊದಲ ಕೂಗು

ಡೇಟಾ ಸೆಂಟರಿಗೆ ಹೊಸದಾಗಿ ಬಂದಿಳಿದ ಸರ್ವರಿಗೆ ಮಾನಿಟರ್ ಇರುವುದಿಲ್ಲ, ಕೀಬೋರ್ಡ್ ಇರುವುದಿಲ್ಲ. ಎಷ್ಟೋ ಸಲ ಡಿಸ್ಕಿನಲ್ಲಿ ಆಪರೇಟಿಂಗ್ ಸಿಸ್ಟಮ್ಮೂ ಇರುವುದಿಲ್ಲ. ಒಂದು ರ‍್ಯಾಕಿನಲ್ಲಿ ಇಂಥವು ಮೂವತ್ತೋ ನಲವತ್ತೋ ಕೂತಿದ್ದರೆ, ಒಂದೊಂದಕ್ಕೂ ಪೆನ್‌ಡ್ರೈವ್ ಸಿಕ್ಕಿಸಿ, ಭಾಷೆ ಯಾವುದು, ಡಿಸ್ಕನ್ನು ಹೇಗೆ ಭಾಗ ಮಾಡಲಿ ಎಂದು ಅದು ಕೇಳಿದ್ದಕ್ಕೆಲ್ಲ ಉತ್ತರ ಒತ್ತುತ್ತ ನಿಲ್ಲುವಷ್ಟು ತಾಳ್ಮೆ ಯಾರಿಗಿದೆ? ಇದ್ದರೂ ಇಪ್ಪತ್ತನೆಯದರ ಹೊತ್ತಿಗೆ ಒಂದು ಉತ್ತರ ತಪ್ಪಿಯೇ ತಪ್ಪುತ್ತದೆ. ಹಾಗಾಗಿ ಇನ್‌ಸ್ಟಾಲ್ ಮಾಡಿಕೊಳ್ಳುವ ಕೆಲಸವನ್ನು ಸರ್ವರಿಗೇ ಒಪ್ಪಿಸುತ್ತಾರೆ.

ಖಾಲಿ ಯಂತ್ರಕ್ಕೆ ಇದು ಹೇಗೆ ಗೊತ್ತು? ನೆಟ್‌ವರ್ಕ್ ಕಾರ್ಡಿನ ಚಿಪ್ಪಿನಲ್ಲೋ ಮದರ್‌ಬೋರ್ಡಿನ ಫರ್ಮ್‌ವೇರಿನಲ್ಲೋ ಪಿಎಕ್ಸ್‌ಇ ಎಂಬ ಪುಟ್ಟ ಪ್ರೋಗ್ರಾಮ್ ಇರುತ್ತದೆ. ಈ ಕೆಲಸದವರ ಬಾಯಲ್ಲಿ ಅದು ‘ಪಿಕ್ಸಿ’. ಇಂಟೆಲ್ 1999ರಲ್ಲಿ ಹೊರತಂದ 2.1ನೇ ಆವೃತ್ತಿಯ ನಿಯಮಗಳನ್ನೇ ಇವತ್ತಿನ ಸರ್ವರುಗಳೂ ಹೆಚ್ಚುಕಡಿಮೆ ಪಾಲಿಸುತ್ತವೆ. ಪವರ್ ಬಂದೊಡನೆ ಅದು ಮಾಡುವುದು ಒಂದೇ ಕೆಲಸ, ಕೂಗುವುದು. ತನಗಿನ್ನೂ ವಿಳಾಸವಿಲ್ಲ, ಆದ್ದರಿಂದ ಕಳಿಸಿದವರ ಜಾಗದಲ್ಲಿ 0.0.0.0 ಎಂದು ಹಾಕಿ, 255.255.255.255ಕ್ಕೆ, ಅಂದರೆ ಆ ನೆಟ್‌ವರ್ಕಿನಲ್ಲಿ ಇರುವವರಿಗೆಲ್ಲ, ಒಂದು ಪ್ಯಾಕೆಟ್ ಬಿಡುತ್ತದೆ. ಅದರಲ್ಲಿ ಕಾರ್ಡಿನ 48 ಬಿಟ್‌ಗಳ ಮ್ಯಾಕ್ ವಿಳಾಸವೂ ‘ನಾನು ಪಿಎಕ್ಸ್‌ಇ’ ಎಂಬ ಗುರುತೂ ಇರುತ್ತವೆ. ಕೇಳಿಸಿಕೊಂಡ ಡಿಎಚ್‌ಸಿಪಿ ಸರ್ವರ್ ಒಂದು ಐಪಿ ವಿಳಾಸ ಕೊಟ್ಟು, ಮುಂದೆ ಯಾರ ಹತ್ತಿರ ಹೋಗಬೇಕು, ಯಾವ ಫೈಲ್ ಕೇಳಬೇಕು ಎಂದೂ ಹೇಳುತ್ತದೆ.

ಹೀಗೆ ಹೇಳಿದವರು ಯಾರು ಎಂದು ಆ ಯಂತ್ರ ವಿಚಾರಿಸುವುದೇ ಇಲ್ಲ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು ಕೈಹಿಡಿದವರ ಹಿಂದೆ ನಡೆದುಬಿಡುವಂತೆ ಉತ್ತರ ಕೊಟ್ಟವರ ಹಿಂದೆ ಹೋಗುತ್ತದೆ. ಅದೇ ನೆಟ್‌ವರ್ಕಿನಲ್ಲಿ ಯಾರೋ ತಂದಿಟ್ಟ ವೈಫೈ ರೂಟರ್ ಮುಂಚೆ ಬಾಯಿ ಹಾಕಿದರೆ ಐಪಿ ವಿಳಾಸವೇನೋ ಸಿಗುತ್ತದೆ, ಫೈಲಿನ ಹೆಸರು ಸಿಗುವುದಿಲ್ಲ. ಅನುಭವಸ್ಥರು ಈ ಕೆಲಸಕ್ಕೆಂದೇ ಪ್ರತ್ಯೇಕ ವಿಲ್ಯಾನ್, ಅಂದರೆ ಉಳಿದವರಿಂದ ಬೇರ್ಪಡಿಸಿದ ಜಾಲ, ಮಾಡಿಟ್ಟುಕೊಳ್ಳುವುದು ಇದಕ್ಕೇ.

ಫೈಲ್ ತರುವ ಟಿಎಫ್‌ಟಿಪಿ ಇನ್ನೂ ಹಳಬ. ಅದರ ನಿಯಮಾವಳಿ ಬಂದದ್ದು 1981ರಲ್ಲಿ. ಪಾಸ್‌ವರ್ಡ್ ಇಲ್ಲ, ಫೈಲುಗಳ ಪಟ್ಟಿ ಕೇಳಲು ದಾರಿಯಿಲ್ಲ. ಹೆಸರು ಹೇಳಿದರೆ 512 ಬೈಟಿನ ತುಣುಕೊಂದು ಬರುತ್ತದೆ, ‘ಬಂತು’ ಎಂದು ಹೇಳಿದ ಮೇಲಷ್ಟೇ ಮುಂದಿನದು. ಹೋಗಿಬರಲು ಒಂದು ಮಿಲಿಸೆಕೆಂಡ್ ಎಂದಿಟ್ಟುಕೊಂಡರೂ 32 ಎಂಬಿ ತರಲು ನಿಮಿಷ ದಾಟುತ್ತದೆ. ಅಲ್ಲಿಗೆ ಇನ್ನೊಂದು ಫಜೀತಿ: ತುಣುಕಿನ ಸಂಖ್ಯೆಗೆ ಮೀಸಲಿರುವುದು 16 ಬಿಟ್, 65,535 ಆದ ಮೇಲೆ ಎಣಿಕೆಗೆ ಅಂಕಿಯೇ ಉಳಿಯುವುದಿಲ್ಲ. ದೊಡ್ಡ ತುಣುಕು ಕೇಳಿ ಪಡೆಯುವ ತಿದ್ದುಪಡಿ 1995ರಲ್ಲಿ ಬಂತು. ಈಗ ಬುದ್ಧಿವಂತರು ಇದರಿಂದ ಐಪಿಎಕ್ಸ್‌ಇಯಂಥ ಚಿಕ್ಕ ಲೋಡರನ್ನು ಮಾತ್ರ ತರಿಸಿಕೊಂಡು, ಭಾರದ ಫೈಲುಗಳಿಗೆ ಎಚ್‌ಟಿಟಿಪಿ ಬಳಸುತ್ತಾರೆ. ಇಷ್ಟು ಬಡ ವಿಧಾನ ಯಾಕೆ ಉಳಿಯಿತೆಂದರೆ, ಅದರ ಪ್ರೋಗ್ರಾಮ್ ಅಷ್ಟು ಚಿಕ್ಕದು, ಚಿಪ್ಪಿನ ಮೂಲೆಯಲ್ಲಿ ಹಿಡಿಸುತ್ತದೆ.

ಇನ್ನು ಸ್ವಿಚ್ಚಿನ ಉಪದ್ರವ. ಕೇಬಲ್ಲುಗಳು ಸುತ್ತುಬಳಸಿ ಜಾಲ ಸಿಕ್ಕುಬೀಳದಿರಲೆಂದು ಸ್ವಿಚ್ಚು ಹೊಸದಾಗಿ ಜೀವ ಬಂದ ಪೋರ್ಟನ್ನು 15 ಸೆಕೆಂಡು ಆಲಿಸಿ, ಮತ್ತೆ 15 ಸೆಕೆಂಡು ಕಲಿತು, ಆಮೇಲೆ ತೆರೆಯುತ್ತದೆ. ಅಷ್ಟರಲ್ಲಿ ಕಾರ್ಡು ಕೂಗಿ ಕೂಗಿ ಸುಸ್ತಾಗಿ ಪರದೆಯ ಮೇಲೆ ‘ಪಿಎಕ್ಸ್‌ಇ-ಇ51’ ಎಂದು ಬರೆದು ಕೈಚೆಲ್ಲಬಹುದು. ಕೇಬಲ್ ಸರಿಯಿದೆ, ಡಿಎಚ್‌ಸಿಪಿ ಸರಿಯಿದೆ, ಆದರೂ ಉತ್ತರವಿಲ್ಲ. ಇನ್‌ಸ್ಟಾಲರಿನ ಕರ್ನೆಲ್ ಕಾರ್ಡನ್ನು ಹೊಸದಾಗಿ ಎಬ್ಬಿಸಿದಾಗ ಲಿಂಕ್ ಒಮ್ಮೆ ಬಿದ್ದೆದ್ದರೆ ಅದೇ ಕಾಯುವಿಕೆ ಮತ್ತೆ ಶುರು. ಸರ್ವರ್ ಕೂರುವ ಪೋರ್ಟುಗಳಿಗೆ ಕಾಯಿಸದೆ ತೆರೆಸುವ ಪೋರ್ಟ್‌ಫಾಸ್ಟ್ ಹಾಕಿಟ್ಟರೆ ಈ ಕಾಟ ತಪ್ಪುತ್ತದೆ.

ಕೊನೆಗೆ ಉತ್ತರ ಪತ್ರಿಕೆ. ರೆಡ್‌ಹ್ಯಾಟಿನಲ್ಲಿ ಅದು ಕಿಕ್‌ಸ್ಟಾರ್ಟ್, ಡೆಬಿಯನ್ನಿನಲ್ಲಿ ಪ್ರಿಸೀಡ್. ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಿಗೆಲ್ಲ ಮೊದಲೇ ಬರೆದಿಟ್ಟ ಉತ್ತರಗಳ ಸಾದಾ ಪಠ್ಯ ಫೈಲ್ ಅಷ್ಟೇ. ಕಿಕ್‌ಸ್ಟಾರ್ಟಿನಲ್ಲಿ ‘ಕ್ಲಿಯರ್‌ಪಾರ್ಟ್ --ಆಲ್’ ಎಂಬ ಸಾಲಿದ್ದರೆ ಡಿಸ್ಕಿನ ಪಾರ್ಟಿಷನ್‌ಗಳೆಲ್ಲ ಹೋಗುತ್ತವೆ, ‘ನಿಜವಾಗಿ ಅಳಿಸಲೇ?’ ಎಂದು ಕೇಳುವವರಿಲ್ಲ. ಯಾವ ಯಂತ್ರಕ್ಕೆ ಯಾವ ಪತ್ರಿಕೆ ಎಂಬುದನ್ನು ಮ್ಯಾಕ್ ವಿಳಾಸದಿಂದ ತೀರ್ಮಾನಿಸಬಹುದು. ಪಿಎಕ್ಸ್‌ಲಿನಕ್ಸ್ ಎಂಬ ಲೋಡರ್ 01-52-54-00-12-34-56 ಎಂಬಂಥ ಹೆಸರಿನ ಫೈಲ್ ಹುಡುಕುತ್ತದೆ. ಮೊದಲಿನ 01 ಈಥರ್‌ನೆಟ್ಟಿನ ಸಂಕೇತ. ಸಿಗದಿದ್ದರೆ ಐಪಿ ವಿಳಾಸದ ಹೆಸರಿನದು, ಅದೂ ಇಲ್ಲದಿದ್ದರೆ ‘ಡಿಫಾಲ್ಟ್’. ಆ ಡಿಫಾಲ್ಟಿನಲ್ಲಿ ಏನು ಬರೆದಿದೆ ಎಂದು ನೋಡಿದರೆ ಸಾಕು, ಬರೆದವರು ಎಂಥವರು ಎಂದು ನನಗೆ ಗೊತ್ತಾಗುತ್ತದೆ. ಗುರುತಿಲ್ಲದ ಯಂತ್ರ ಬಂದರೆ ‘ನಿನ್ನ ಡಿಸ್ಕಿನಿಂದಲೇ ಎದ್ದೇಳು’ ಎಂದು ಅಲ್ಲಿರಬೇಕು, ‘ಇನ್‌ಸ್ಟಾಲ್ ಮಾಡು’ ಎಂದಲ್ಲ.

ಇನ್‌ಸ್ಟಾಲ್ ಮುಗಿದ ಯಂತ್ರ ರೀಸ್ಟಾರ್ಟ್ ಆಗಿ ಮತ್ತೆ ಮೊದಲು ನೆಟ್‌ವರ್ಕಿನತ್ತಲೇ ತಿರುಗಿದರೆ ಅದೇ ಉತ್ತರ ಸಿಗುತ್ತದೆ; ಅಳಿಸಿ, ಹಾಕಿ, ಎದ್ದು, ಮತ್ತೆ ಅಳಿಸುತ್ತದೆ. ಯಾರೂ ನೋಡದಿದ್ದರೆ ಬೆಳಗಿನವರೆಗೂ ಇದೇ ಪಾಡು. ಕಾಬ್ಲರ್ ಎಂಬ ತಂತ್ರಾಂಶದಲ್ಲಿ ಇನ್‌ಸ್ಟಾಲ್ ಆದ ಯಂತ್ರ ‘ನನ್ನದಾಯಿತು’ ಎಂದು ವರದಿ ಒಪ್ಪಿಸಿ, ತನ್ನ ಹೆಸರನ್ನು ಪಟ್ಟಿಯಿಂದ ತೆಗೆಸಿಕೊಳ್ಳುವ ಏರ್ಪಾಡಿದೆ. ಐಪಿಎಂಐ ಎಂಬ ನಿರ್ವಹಣಾ ಸೌಲಭ್ಯ ಇರುವ ಸರ್ವರಿಗಾದರೆ ‘ಈ ಒಂದು ಸಲ ಮಾತ್ರ ನೆಟ್‌ವರ್ಕಿನಿಂದ’ ಎಂದು ದೂರದಿಂದಲೇ ಆಜ್ಞೆ ಕೊಡಬಹುದು.

2014ರ ಮೇ ತಿಂಗಳಲ್ಲಿ ಅಮೆರಿಕದ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದಲ್ಲಿ ವಿಂಡೋಸ್ 7 ಹಾಕುವ ಆಜ್ಞೆಯೊಂದು ತಪ್ಪಿ ಅವರ ವಿಂಡೋಸ್ ಯಂತ್ರಗಳಿಗೆಲ್ಲ ಹೊರಟಿತು: ಲ್ಯಾಪ್‌ಟಾಪು, ಡೆಸ್ಕ್‌ಟಾಪು, ಸರ್ವರು ಯಾವುದನ್ನೂ ಬಿಡದೆ. ಅಲ್ಲಿದ್ದದ್ದು ಮೈಕ್ರೋಸಾಫ್ಟಿನ ನಿರ್ವಹಣಾ ವ್ಯವಸ್ಥೆ, ನಾನು ಹೇಳಿದ ಲಿನಕ್ಸ್ ಸರಂಜಾಮಲ್ಲ. ಕೇಳದೆ ಅಳಿಸುವ ಗುಣ ಮಾತ್ರ ಒಂದೇ. ಆಜ್ಞೆ ಹೊರಡಿಸಿದ ಸರ್ವರ್ ಕೂಡ ಅದನ್ನು ಪಾಲಿಸಿ ತನ್ನನ್ನೇ ಫಾರ್ಮ್ಯಾಟ್ ಮಾಡಿಕೊಂಡಿತ್ತು.

ಈಚಿನ ಯುಇಎಫ್‌ಐ ಫರ್ಮ್‌ವೇರ್ ಎಚ್‌ಟಿಟಿಪಿಯಿಂದ ನೇರವಾಗಿ ಬೂಟ್ ಆಗಬಲ್ಲದು. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಲೋಡರಿನ ಸಹಿಯನ್ನೂ ಪರೀಕ್ಷಿಸುತ್ತದೆ. ಉತ್ತರ ಪತ್ರಿಕೆಯ ಸಹಿಯನ್ನು ಮಾತ್ರ ಅದು ಕೇಳುವುದಿಲ್ಲ. ಸಾದಾ ಎಚ್‌ಟಿಟಿಪಿಯಲ್ಲಿಟ್ಟ ಆ ಪತ್ರಿಕೆಯನ್ನು ಅದೇ ವಿಲ್ಯಾನಿನ ಯಾವ ಯಂತ್ರವೂ ಓದಬಹುದು, ಅದರಲ್ಲಿರುವ ರೂಟ್ ಪಾಸ್‌ವರ್ಡಿನ ಹ್ಯಾಶನ್ನೂ ಸೇರಿಸಿ. ಅದಕ್ಕೇ ಕೆಲವರು ಅಲ್ಲಿ ರೂಟ್ ಖಾತೆಗೆ ಬೀಗ ಹಾಕಿ, ಎಸ್‌ಎಸ್‌ಎಚ್‌ನ ಸಾರ್ವಜನಿಕ ಕೀಲಿಯನ್ನಷ್ಟೇ ಇಡುತ್ತಾರೆ.