ಕಿನ್ನರರ ಕೋಟೆಯ ಬಾಗಿಲಲ್ಲಿ

1999ರಲ್ಲಿ ಐರ್ಲೆಂಡಿನ ಕ್ಲೇರ್ ಪ್ರಾಂತದಲ್ಲಿ ಹೊಸ ಹೆದ್ದಾರಿಯೊಂದರ ಕೆಲಸ ನಡೆದಿತ್ತು. ಲಟೂನ್ ಎಂಬಲ್ಲಿ ಅದರ ಹಾದಿಗೆ ಒಂದು ಒಂಟಿ ಮುಳ್ಳುಗಿಡ ಅಡ್ಡ ಬಂದಿತು. ಅದನ್ನು ಕಡಿಯಕೂಡದೆಂದು ಎಡ್ಡಿ ಲೆನಿಹನ್ ಎಂಬ ಹೆಸರಾಂತ ಕಥೆಗಾರರು ಪತ್ರಿಕೆಗೆ ಬರೆದರು. ಕೆರಿ ಸೀಮೆಯ ಕಿನ್ನರರು ಕಾನಾಟ್ ಸೀಮೆಯ ಕಿನ್ನರರೊಡನೆ ಯುದ್ಧಕ್ಕೆ ಹೊರಟಾಗ ನೆರೆಯುವ ತಾಣ ಅದಂತೆ; ಕಡಿದರೆ ಆ ರಸ್ತೆಯಲ್ಲಿ ಪ್ರಾಣಹಾನಿ ತಪ್ಪದಂತೆ! ನಗುವವರು ನಕ್ಕರು. ಆದರೂ ಗಿಡವನ್ನು ಉಳಿಸಿಕೊಂಡೇ ರಸ್ತೆ ಸಾಗಿತು.

ಐರಿಷ್ ಹಳ್ಳಿಗರ ಕಿನ್ನರರನ್ನು ಮಕ್ಕಳ ಪುಸ್ತಕದ ರೆಕ್ಕೆಯ ಗೊಂಬೆಗಳೆಂದು ಭಾವಿಸಬಾರದು. ಇವರು ಮನುಷ್ಯರಂತೆಯೇ ಉಣ್ಣುವ, ಕುಣಿಯುವ, ಹಗೆ ಸಾಧಿಸುವ ಜನ. ಹೆಸರೆತ್ತಿದರೆ ಎಲ್ಲಿ ಮುನಿಯುವರೋ ಎಂದು ಹಿರಿಯರು ಅವರನ್ನು ‘ಒಳ್ಳೆಯ ಮಂದಿ’ ಎಂದೇ ಕರೆಯುತ್ತಿದ್ದರು. ಹೊಲಗಳ ನಡುವೆ ಕಾಣುವ ದುಂಡನೆಯ ಮಣ್ಣಿನ ಕೋಟೆಗಳೇ ಅವರ ನೆಲೆ. ನಿಜವಾಗಿ ಅವು ಸಾವಿರ ವರ್ಷಗಳಿಗೂ ಹಿಂದೆ ರೈತರು ಮನೆ, ದನಕರುಗಳ ಸುತ್ತ ಎತ್ತಿದ ಆವರಣಗಳು. ಭಯದಿಂದ ಅನೇಕರು ಅವುಗಳ ಮೇಲೆ ನೇಗಿಲು ಹಾಯಿಸಲಿಲ್ಲ. ಇಂದಿಗೂ ಸಾವಿರಾರು ಉಳಿದಿರುವುದಕ್ಕೆ ಪ್ರಾಕ್ತನ ವಿಮರ್ಶಕರು ಈ ಭಯಕ್ಕೇ ಋಣಿಗಳಾಗಬೇಕು.

ಆದರೆ ಇದೇ ನಂಬಿಕೆಗೆ ಕರಾಳವಾದ ಇನ್ನೊಂದು ಮುಖವುಂಟು. ಕಿನ್ನರರು ಮುದ್ದಾದ ಶಿಶುಗಳನ್ನೂ ತರುಣಿಯರನ್ನೂ ಕದ್ದೊಯ್ದು, ಅದೇ ರೂಪದ ತಮ್ಮವರನ್ನು ಮನೆಯಲ್ಲಿ ಬಿಟ್ಟುಹೋಗುವರೆಂಬುದು ಪ್ರತೀತಿ. ಬೆಂಕಿಯನ್ನು ತೋರಿಸಿದರೆ ಆ ಬದಲಿ ಜೀವ ಓಡಿಹೋಗುವುದಂತೆ.

ಟಿಪ್ಪರರಿ ಪ್ರಾಂತದ ಬ್ಯಾಲಿವಾಡ್ಲೀ ಗ್ರಾಮದ ಬ್ರಿಜೆಟ್ ಕ್ಲಿಯರಿ ಜಾಣೆ, ಚೆಲುವೆ. ಸ್ವಂತ ಹೊಲಿಗೆಯಂತ್ರ ಇಟ್ಟುಕೊಂಡು ಉಡುಪು ಹೊಲಿದು ನಾಲ್ಕು ಕಾಸು ಗಳಿಸುತ್ತಿದ್ದವಳು. 1895ರ ಮಾರ್ಚಿಯಲ್ಲಿ ಅವಳು ಕಾಯಿಲೆ ಬಿದ್ದಳು. ವೈದ್ಯನೂ ಬಂದ, ಪಾದ್ರಿಯೂ ಬಂದ. ಗಂಡ ಮೈಕೇಲನಿಗೆ ಮಾತ್ರ ಸಮಾಧಾನವಾಗಲಿಲ್ಲ. ಇವಳು ತನ್ನ ಹೆಂಡತಿಯಲ್ಲ ಎಂಬ ಸಂದೇಹ ಅವನ ತಲೆ ಹೊಕ್ಕಿತ್ತು. ನಾಟಿ ಮದ್ದನ್ನು ಬಲವಂತವಾಗಿ ಕುಡಿಸಿ, ಬಂಧುಗಳ ಎದುರಿನಲ್ಲೇ “ನೀನು ಬ್ರಿಜೆಟಳೇ?” ಎಂದು ಮತ್ತೆ ಮತ್ತೆ ಕೇಳಲಾಯಿತು. ಹೌದೆಂದು ಅವಳು ಹೇಳಿದುದು ಸಾಲದಾಯಿತು. ಮಾರ್ಚಿ 15ರ ರಾತ್ರಿ ತನ್ನ ಮನೆಯ ಅಡಿಗೆಯ ಒಲೆಯ ಮುಂದೆಯೇ ಅವಳು ಬೆಂದುಹೋದಳು. ಹೆತ್ತ ತಂದೆಯೂ ಆ ಮನೆಯಲ್ಲೇ ಇದ್ದ!

ಆ ಬಳಿಕ ಮೈಕೇಲ ಚೂರಿ ಹಿಡಿದು ರಾತ್ರಿಯ ಹೊತ್ತು ಕೈಲ್‌ನಗ್ರಾನಾ ಕೋಟೆಯ ಬಳಿ ಕಾದನು. ನಿಜವಾದ ಬ್ರಿಜೆಟ್ ಬಿಳಿಯ ಕುದುರೆಯೇರಿ ಹೊರಬರುವಳು, ಕಟ್ಟುಗಳನ್ನು ಕತ್ತರಿಸಿ ಅವಳನ್ನು ಇಳಿಸಿಕೊಳ್ಳುವೆನೆಂದು ಅವನ ನಿರೀಕ್ಷೆ. ಕುದುರೆ ಬರಲಿಲ್ಲ. ಮಾರ್ಚಿ 22ರಂದು ಪೊಲೀಸರಿಗೆ ಊರ ಸಮೀಪದ ಒಂದು ಗುಂಡಿಯಲ್ಲಿ ಅವಳ ಶವ ದೊರೆಯಿತು.

ನ್ಯಾಯಾಲಯ ಮೈಕೇಲನಿಗೆ 20 ವರ್ಷಗಳ ಶಿಕ್ಷೆ ವಿಧಿಸಿತು. 1910ರಲ್ಲಿ ಬಿಡುಗಡೆಯಾದವನು ಊರಿಗೆ ಮರಳಲಿಲ್ಲ. ಕಡಲು ದಾಟಿ ಕೆನಡಕ್ಕೆ ಹೊರಟುಹೋದನು.